ಆಕಾಶದ ಚೇಳು ಮತ್ತು ಮೂಲಾ ನಕ್ಷತ್ರದ ಹೆಣ್ಣುಮಗಳು: ರಾಶಿಚಕ್ರಕ್ಕೊಂದು ಪ್ರವೇಶ



ಗುಬ್ಬಿ ತಾಲ್ಲೂಕಿನ ಚೇಳೂರು ಎಂದೊಡನೆ ನಾಡಿನ ಜನರಿಗೆ ಹಲಸಿನ ಹಣ್ಣಿನ ಮಾರುಕಟ್ಟೆ ನೆನಪಾಗುತ್ತದೆ. ಆ ಹಲಸಿನ ಸುಗ್ಗಿಯ ಕಾಲದಲ್ಲಿ, ಮೇ ತಿಂಗಳ ಕೊನೆಯ ಒಂದು ಮೋಡವಿಲ್ಲದ ರಾತ್ರಿ, ಹತ್ತು ಗಂಟೆಯ ಹೊತ್ತಿಗೆ ಊರ ಹೊರಗಿನ ಹೊಲದ ಬದುವಿನ ಮೇಲೆ ನಿಂತು ಆಗ್ನೇಯ ದಿಕ್ಕಿನತ್ತ ನೋಡಿದವರಿಗೆ ಆಕಾಶದಲ್ಲಿಯೂ ಒಂದು ಚೇಳು ಕಾಣಿಸುತ್ತದೆ. ತಲೆಯ ಕಡೆ ಸಾಲಾಗಿ ನಿಂತ ಮೂರು ನಕ್ಷತ್ರಗಳು, ಎದೆಯ ಭಾಗದಲ್ಲಿ ಕೆಂಪಾಗಿ ಹೊಳೆಯುವ ಒಂದು ದೊಡ್ಡ ನಕ್ಷತ್ರ, ಅಲ್ಲಿಂದ ಕೆಳಕ್ಕೆ ಬಾಗಿ ಮತ್ತೆ ಸುತ್ತಿಕೊಂಡ ಬಾಲ, ಅದರ ತುದಿಯಲ್ಲಿ ಕೊಂಡಿಯಂತೆ ಜೋಡಿಯಾಗಿರುವ ಎರಡು ನಕ್ಷತ್ರಗಳು. ಹನ್ನೆರಡು ರಾಶಿಗಳ ಪೈಕಿ ಹೆಸರಿಗೂ ರೂಪಕ್ಕೂ ಇಷ್ಟೊಂದು ಹೊಂದಿಕೆಯಿರುವ ರಾಶಿಗಳು ವಿರಳ. ಇದೇ ವೃಶ್ಚಿಕ.

ಊರಿನ ಹೆಸರಿಗೂ ಆಕಾಶದ ಚೇಳಿಗೂ ನಂಟಿದೆಯೆಂಬುದು ನಮ್ಮ ವಾದವಲ್ಲ. ರಾಶಿ, ನಕ್ಷತ್ರ, ಜಾತಕ ಎಂಬ ಮಾತುಗಳನ್ನು ದಿನನಿತ್ಯ ಕೇಳುತ್ತಿದ್ದರೂ ಅವುಗಳ ಅರ್ಥವನ್ನು ಮೊದಲಿನಿಂದ ತಿಳಿದುಕೊಳ್ಳಬಯಸುವವರಿಗೆ ಕಣ್ಣಿಗೆ ಕಾಣುವ ಈ ಚೇಳಿನಿಂದ ಆರಂಭಿಸುವುದು ಸುಲಭವೆಂದಷ್ಟೇ ಇದನ್ನು ಆರಿಸಿಕೊಂಡಿದ್ದೇವೆ. ಇನ್ನೊಂದು ಕಾರಣವೂ ಉಂಟು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆಗೆ ಅಡ್ಡವಾಗಿ ನಿಲ್ಲುವ ಜ್ಯೇಷ್ಠಾ, ಮೂಲಾ ಎಂಬ ಎರಡು ನಕ್ಷತ್ರಗಳು ಇರುವುದು ಇದೇ ಚೇಳಿನ ಮೈಯಲ್ಲಿ. ಎದೆಯ ಕೆಂಪು ನಕ್ಷತ್ರವೇ ಜ್ಯೇಷ್ಠಾ. ಬಾಲದ ನಕ್ಷತ್ರಗಳ ಗುಂಪೇ ಮೂಲಾ. ತಲೆಯ ಮೂರು ನಕ್ಷತ್ರಗಳು ಅನೂರಾಧಾ.

ಇಪ್ಪತ್ತೇಳು ಮನೆ, ಹನ್ನೆರಡು ಪಾಲು

ಚಂದ್ರನು ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು ಸುಮಾರು 27.3 ದಿನಗಳು ಬೇಕು. ಆದುದರಿಂದ ನಮ್ಮ ಪ್ರಾಚೀನರು ಆತನ ದಾರಿಯನ್ನು ದಿನಕ್ಕೊಂದರಂತೆ ಇಪ್ಪತ್ತೇಳು ನಕ್ಷತ್ರಗಳಾಗಿ ವಿಂಗಡಿಸಿದರು. ವರ್ತುಲದ 360 ಅಂಶಗಳನ್ನು 27ರಿಂದ ಭಾಗಿಸಿದರೆ ಒಂದು ನಕ್ಷತ್ರಕ್ಕೆ 13 ಅಂಶ 20 ಕಲೆ ಬರುತ್ತದೆ. ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ. ಒಟ್ಟು 108 ಪಾದಗಳು.

ಸೂರ್ಯನಾದರೋ ಅದೇ ದಾರಿಯನ್ನು ಒಂದು ವರ್ಷದಲ್ಲಿ ಸುತ್ತುತ್ತಾನೆ. ಅವನ ದಾರಿಯನ್ನು ತಲಾ 30 ಅಂಶಗಳ ಹನ್ನೆರಡು ಪಾಲು ಮಾಡಿದರೆ ದೊರೆಯುವುದೇ ರಾಶಿಗಳು: ಮೇಷ, ವೃಷಭ, ಮಿಥುನ, ಕರ್ಕಾಟಕ, ಸಿಂಹ, ಕನ್ಯಾ, ತುಲಾ, ವೃಶ್ಚಿಕ, ಧನು, ಮಕರ, ಕುಂಭ, ಮೀನ. ಒಂದು ರಾಶಿಗೆ ಒಂಬತ್ತು ಪಾದಗಳು. ವಿಶಾಖೆಯ ಕೊನೆಯ ಪಾದ, ಅನೂರಾಧೆಯ ನಾಲ್ಕು, ಜ್ಯೇಷ್ಠೆಯ ನಾಲ್ಕು ಸೇರಿದರೆ ವೃಶ್ಚಿಕ ರಾಶಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಶಿಯೆಂಬುದು ಆಕಾಶದ ಚಿತ್ರವಲ್ಲ, ಲೆಕ್ಕದ ಸಮಪಾಲು. ಕಣ್ಣಿಗೆ ಕಾಣುವ ಚೇಳಿನ ಬಾಲವು ಮೂಲಾ ನಕ್ಷತ್ರವಾದರೂ ಲೆಕ್ಕದಲ್ಲಿ ಮೂಲೆಯು ಧನು ರಾಶಿಗೆ ಸೇರಿಹೋಗಿದೆ. ಪಂಚಾಂಗದಂತೆ ಸೂರ್ಯನು ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ ಒಂದು ತಿಂಗಳು ವೃಶ್ಚಿಕದಲ್ಲಿರುತ್ತಾನೆ. ಇಂದಿನ ಖಗೋಳಶಾಸ್ತ್ರವು ಗುರುತಿಸಿರುವ ಚೇಳಿನ ಎಲ್ಲೆಯೊಳಗೆ ಆತನಿರುವುದು ಒಂದು ವಾರ ಮಾತ್ರ. ಅನಂತರ ಸುಮಾರು ಹದಿನೆಂಟು ದಿನಗಳು ಆತ ಹಾದುಹೋಗುವುದು ಉರಗಧರವೆಂಬ, ಹನ್ನೆರಡರ ಪಟ್ಟಿಯಲ್ಲಿಯೇ ಇಲ್ಲದ ನಕ್ಷತ್ರಪುಂಜದ ಮೂಲಕ.

ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವ ಲೆಕ್ಕವನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಅದೇ ಮಳೆನಕ್ಷತ್ರ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ 21-22ಕ್ಕೆ ಆರಿದ್ರಾ, ಆಗಸ್ಟ್ ನಡುವಿಗೆ ಮಖೆ, ಅಕ್ಟೋಬರ್ ಕೊನೆಗೆ ಸ್ವಾತಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದೂ, ಮಖೆ ಮಳೆ ಬಂದಷ್ಟೂ ಮೇಲು, ಮನೆಮಗ ಉಂಡಷ್ಟೂ ಮೇಲು ಎಂಬುದೂ ರಾಗಿ ಬಿತ್ತುವ ಸೀಮೆಯ ಗಾದೆಗಳು. ಇಲ್ಲಿ ನಕ್ಷತ್ರವು ಯಾರ ಹಣೆಬರಹವನ್ನೂ ಹೇಳುವುದಿಲ್ಲ. ಹೊಲದ ಕೆಲಸಕ್ಕೆ ದಿನಗಣನೆಯನ್ನು ಒದಗಿಸುತ್ತದೆ.

ಇನ್ನು ಜಾತಕದ ಮಾತು. ಮಗು ಹುಟ್ಟಿದ ಗಳಿಗೆಯಲ್ಲಿ ಚಂದ್ರನಿದ್ದ ನಕ್ಷತ್ರವು ಜನ್ಮನಕ್ಷತ್ರ, ಅವನಿದ್ದ ರಾಶಿಯು ಜನ್ಮರಾಶಿ. ಆ ಹೊತ್ತಿಗೆ ಪೂರ್ವ ದಿಗಂತದಲ್ಲಿ ಮೂಡುತ್ತಿದ್ದ ರಾಶಿಯು ಲಗ್ನ. ದಿನವೊಂದಕ್ಕೆ ಹನ್ನೆರಡು ರಾಶಿಗಳೂ ಮೂಡಬೇಕಾದುದರಿಂದ ಒಂದೊಂದಕ್ಕೆ ಸುಮಾರು ಎರಡು ಗಂಟೆ. ಗ್ರಹಗಳು ಒಂಬತ್ತು: ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಇವುಗಳಲ್ಲಿ ರಾಹು-ಕೇತುಗಳು ಕಾಣುವ ಕಾಯಗಳಲ್ಲ; ಚಂದ್ರನ ದಾರಿಯು ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ದಿನದಿನಕ್ಕೆ ಬರೆದಿಟ್ಟ ಪುಸ್ತಕವೇ ಪಂಚಾಂಗ.

ರಾಶಿಗಳು ನಡೆದುಬಂದ ದಾರಿ

ನಕ್ಷತ್ರಗಣನೆ ಈ ನೆಲದ್ದು. ವೇದಗಳಲ್ಲಿಯೇ ಅದು ಬರುತ್ತದೆ. ಆದರೆ ಹನ್ನೆರಡು ರಾಶಿಗಳು ವೇದಾಂಗ ಜ್ಯೋತಿಷದಲ್ಲಿ ಇಲ್ಲ. ಅವು ರೂಪುಗೊಂಡುದು ಇಂದಿನ ಇರಾಕ್ ದೇಶದ ಬ್ಯಾಬಿಲೋನಿನಲ್ಲಿ, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ. ಈವರೆಗೆ ದೊರೆತಿರುವ ಅತ್ಯಂತ ಹಳೆಯ ಜಾತಕಗಳೂ ಅಲ್ಲಿಯವೇ, ಕ್ರಿಸ್ತಪೂರ್ವ 410ರವು. ಅಲ್ಲಿಂದ ಈ ವಿದ್ಯೆ ಗ್ರೀಕರಿಗೆ ಹೋಯಿತು, ಗ್ರೀಕರಿಂದ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಭಾರತಕ್ಕೆ ಬಂತು. ಹೋರಾ, ಕೇಂದ್ರ ಮುಂತಾದ ಮಾತುಗಳು ಗ್ರೀಕ್ ಮೂಲದವು. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ, ಜೂಕ ಎಂಬ ಯವನ ಹೆಸರುಗಳನ್ನೂ ಕೊಟ್ಟಿದ್ದಾನೆ. ವೃಶ್ಚಿಕಕ್ಕೆ ಅವನು ಹೇಳುವ ಹೆಸರು ಕೌರ್ಪ್ಯ. ಚೇಳಿಗೆ ಗ್ರೀಕರಿದ್ದ ಸ್ಕಾರ್ಪಿಯೋಸ್ ಎಂಬ ಪದದ ಭಾರತೀಯ ರೂಪ. ಯವನರು ಹೊರಗಿನವರಾದರೂ ಈ ಶಾಸ್ತ್ರದಲ್ಲಿ ನುರಿತವರಾದುದರಿಂದ ಋಷಿಗಳಂತೆ ಪೂಜ್ಯರೆಂದು ಆತನೇ ಒಪ್ಪಿಕೊಂಡಿದ್ದಾನೆ.

ವಾರದ ಏಳು ದಿನಗಳೂ ಇದೇ ದಾರಿಯಲ್ಲಿ ಬಂದವು. ದಿನದ 24 ಹೋರೆಗಳಿಗೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಅನುಕ್ರಮದಲ್ಲಿ ಒಬ್ಬೊಬ್ಬ ಒಡೆಯ. ಮೊದಲ ಹೋರೆಯ ಒಡೆಯನ ಹೆಸರೇ ಆ ದಿನಕ್ಕೆ. ಏಳರ ಮೂರು ಸುತ್ತು ಮುಗಿದು ಮೂರು ಹೋರೆಗಳು ಉಳಿಯುವುದರಿಂದ ಮರುದಿನದ ಒಡೆಯನು ಪಟ್ಟಿಯಲ್ಲಿ ನಾಲ್ಕನೆಯವನು. ಶನಿಯ ಮರುದಿನ ರವಿ, ರವಿಯ ಮರುದಿನ ಚಂದ್ರ ಎಂದರೆ ಸೋಮ. ಓದುಗರು ಬೆರಳೆಣಿಸಿ ಏಳು ದಿನಗಳನ್ನೂ ಹೀಗೆಯೇ ಪಡೆಯಬಹುದು. ನಮ್ಮ ದೇಶದ ಶಾಸನಗಳಲ್ಲಿ ವಾರದ ಹೆಸರಿನೊಡನೆ ಖಚಿತ ತೇದಿಯುಳ್ಳ ಬಹಳ ಹಳೆಯದೆಂದರೆ ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ ಕಂಬದ ಶಾಸನ. ಕ್ರಿಸ್ತಶಕ 484, ಗುರುವಾರ. ಭಕ್ತರಿಗೆ ಪ್ರಿಯವಾದ ಸೋಮವಾರವೂ ಹಲವು ದೇಶಗಳ ಲೆಕ್ಕಿಗರ ಕೈ ದಾಟಿ ನಮ್ಮಲ್ಲಿಗೆ ಬಂದುದು.

ರಾಶಿಗಳ ಆರಂಭಬಿಂದು ಒಂದೆಡೆ ನಿಂತಿದ್ದರೂ ಋತುಗಳು ನಿಲ್ಲಲಿಲ್ಲ. ಭೂಮಿಯ ಅಕ್ಷವು ನಿಧಾನವಾಗಿ ಓಲಾಡುವುದರಿಂದ ವಿಷುವಬಿಂದುವು ಸುಮಾರು 72 ವರ್ಷಗಳಿಗೆ ಒಂದು ಅಂಶದಂತೆ ಹಿಂದೆ ಸರಿಯುತ್ತದೆ. 3ನೆಯ ಶತಮಾನದ ಕೊನೆಯ ಹೊತ್ತಿಗೆ ಮಕರ ಸಂಕ್ರಮಣವೂ ನಿಜವಾದ ಉತ್ತರಾಯಣಾರಂಭವೂ ಒಂದೇ ದಿನವಿದ್ದವು. ಈಗ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ಸಂಕ್ರಾಂತಿ ಜನವರಿ 14-15ಕ್ಕೆ. ಪಾಶ್ಚಾತ್ಯ ಜ್ಯೋತಿಷಿಗಳು ಋತುವನ್ನು ಹಿಡಿದರು, ನಮ್ಮವರು ನಕ್ಷತ್ರವನ್ನು ಹಿಡಿದರು. ಹೀಗಾಗಿ ನವೆಂಬರ್ 5ರಂದು ಹುಟ್ಟಿದವನ ಸೂರ್ಯನು ಅವರ ಲೆಕ್ಕದಲ್ಲಿ ವೃಶ್ಚಿಕದವನು, ನಮ್ಮ ಲೆಕ್ಕದಲ್ಲಿ ತುಲೆಯವನು. ಹಣೆಬರಹವೊಂದೇ ಆಗಿದ್ದರೆ ಎರಡು ಉತ್ತರಗಳು ಹೇಗೆ ಬಂದವು ಎಂಬ ಪ್ರಶ್ನೆಯನ್ನು ಆರಂಭದ ವಿದ್ಯಾರ್ಥಿಯೂ ಕೇಳಬಹುದು.

ಕನ್ನಡ ನಾಡಿನಲ್ಲಿ ಜ್ಯೋತಿಷ

ಕಾಲಗಣನೆಯಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. 634ರ ಐಹೊಳೆಯ ಶಾಸನದಲ್ಲಿ ಶಕವರ್ಷ 556ರ ಜೊತೆಗೆ ಭಾರತಯುದ್ಧದಿಂದ ಕಳೆದ ವರ್ಷಗಳ ಎಣಿಕೆಯೂ ಇದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವು ತುಮಕೂರು ಜಿಲ್ಲೆಯದು. ಇಂತಹ ಸಂಪುಟಗಳ ಪುಟ ತಿರುವಿದವರಿಗೆ ಸಂವತ್ಸರ, ಮಾಸ, ತಿಥಿ, ವಾರ, ಸಂಕ್ರಮಣ, ಗ್ರಹಣಗಳನ್ನು ಹೇಳಿ ಭೂಮಿ ಬಿಟ್ಟ ದಾನಪತ್ರಗಳ ಪರಿಚಯವಾಗುತ್ತದೆ. ಅಂದಿನ ದಾಖಲೆಗೆ ಪಂಚಾಂಗವೇ ಮುದ್ರೆ.

ಕನ್ನಡದಲ್ಲಿ ದೊರೆತಿರುವ ಮೊದಲ ಜ್ಯೋತಿಷ ಗ್ರಂಥವಾದ ಜಾತಕತಿಲಕವನ್ನು ಶ್ರೀಧರಾಚಾರ್ಯನು ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ ಬರೆದನು. ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು 1130ರ ಆಸುಪಾಸಿನದು, ಅದರಲ್ಲಿಯೂ ಗ್ರಹಗಣಿತವಿದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯನ್ನು ಮುಗಿಸಿದ್ದು 1150ರಲ್ಲಿ. ಅಂದರೆ ಬಸವಾದಿ ಶರಣರು ಬಾಳಿದ ಶತಮಾನವು ಆಕಾಶದ ಅರಿವಿಲ್ಲದ ಕಾಲವಲ್ಲ. ದಖ್ಖನಿನಲ್ಲಿ ಗ್ರಹಗಣಿತವು ಉಚ್ಛ್ರಾಯದಲ್ಲಿದ್ದ ಕಾಲ.

ಇದನ್ನು ನೆನಪಿನಲ್ಲಿಟ್ಟು ಬಸವಣ್ಣನವರ ನಿಲುವನ್ನು ನೋಡಬೇಕು. ಮದುವೆಯ ಮುಹೂರ್ತವನ್ನೇ ವಿಷಯವಾಗಿಸಿಕೊಂಡ ಅವರ ವಚನವೊಂದು ಶರಣಬಂಧುಗಳಿಗೆಲ್ಲ ಪರಿಚಿತ. ಅದರಲ್ಲಿ ರಾಶಿಕೂಟ, ಗಣಸಂಬಂಧ, ಚಂದ್ರಬಲ, ತಾರಾಬಲಗಳೆಂಬ ಶಾಸ್ತ್ರದ ಪಾರಿಭಾಷಿಕ ಪದಗಳೇ ಬರುತ್ತವೆ. ಚರಿತ್ರೆಯ ದೃಷ್ಟಿಯಿಂದ ಇದು ಎರಡು ಸಂಗತಿಗಳನ್ನು ತಿಳಿಸುತ್ತದೆ. ಗಂಡುಹೆಣ್ಣಿನ ಜಾತಕ ಹೊಂದಿಸುವ ರೂಢಿ 12ನೆಯ ಶತಮಾನದಲ್ಲಿಯೇ ಬೇರೂರಿತ್ತು ಎಂಬುದು ಒಂದು. ಅವರು ಆ ಶಾಸ್ತ್ರದ ಪರಿಭಾಷೆಯನ್ನು ಬಲ್ಲವರಾಗಿಯೇ ಅದರ ಹಿಡಿತವನ್ನು ನಿರಾಕರಿಸಿದರು ಎಂಬುದು ಇನ್ನೊಂದು. ಆ ವಚನದ ಮಾತು ತಿರುಗಿರುವುದು ಮುಹೂರ್ತ ಹೇಳುವವರ ಕಡೆಗೆ. ಕೇಳಲು ಬಂದವರನ್ನು ಹೆದರಿಸಿ ಕಳುಹಿಸಬೇಡಿರಿ, ಬಲಗಳೆಲ್ಲ ಕೂಡಿವೆಯೆಂದು ಧೈರ್ಯ ಹೇಳಿರಿ ಎಂಬುದೇ ಅದರ ಇಂಗಿತವೆಂದು ನಾವು ತಿಳಿಯುತ್ತೇವೆ. ಅಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕಾಣುವುದು ಕೇಳಲು ಬಂದವರ ಮೇಲಿನ ಕರುಣೆ.

ಮೂಲೆಯ ಮಗಳು

ಈಗ ಚೇಳಿನ ಬಾಲಕ್ಕೆ ಮರಳೋಣ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ, ಜ್ಯೇಷ್ಠೆಯವಳು ಗಂಡನ ಅಣ್ಣನಿಗೆ, ವಿಶಾಖೆಯವಳು ಮೈದುನನಿಗೆ ಎಂಬ ಮಾತನ್ನು ಕೇಳದ ಹಳ್ಳಿಯಿಲ್ಲ. ಹೆಣ್ಣು ನೋಡಿ ಒಪ್ಪಿ, ತಟ್ಟೆ ಬದಲಾಯಿಸುವ ಮಾತೂ ಮುಗಿದ ಮೇಲೆ, ನಕ್ಷತ್ರ ಯಾವುದೆಂಬ ಒಂದು ಪ್ರಶ್ನೆಯಿಂದ ಸಂಬಂಧ ಮುರಿದುಬೀಳುತ್ತದೆ. ಆ ಮಗಳು ಮಾಡಿದ ತಪ್ಪೆಂದರೆ ಚಂದ್ರನು ಅಲ್ಲಿದ್ದಾಗ ಹುಟ್ಟಿದ್ದು.

ಈ ಭಯಕ್ಕೂ ಒಂದು ಚರಿತ್ರೆಯಿದೆ. ಮೂಲೆಯ ಅಧಿದೇವತೆ ನಿರೃತಿ, ವಿನಾಶದ ದೇವತೆ. ಅಥರ್ವವೇದದ ಒಂದು ಸೂಕ್ತದಲ್ಲಿ ಜ್ಯೇಷ್ಠಾ-ಮೂಲೆಗಳ ಎಡೆಯಲ್ಲಿ ಹುಟ್ಟಿದ ಶಿಶುವಿನ ದೀರ್ಘಾಯುಷ್ಯಕ್ಕಾಗಿಯೂ ತಂದೆತಾಯಿಗಳಿಗೆ ಕೇಡಾಗದಿರಲೆಂದೂ ಪ್ರಾರ್ಥನೆಯಿದೆ. ಅಲ್ಲಿ ಆ ಮಗು ಕಾಪಾಡಬೇಕಾದ ಮಗು. ಮಾವನ ಸುದ್ದಿಯೇ ಅಲ್ಲಿಲ್ಲ.

ರಾಶಿಗಳು ಬಂದ ಮೇಲೆ ಮತ್ತೊಂದು ಕಾರಣ ಸೇರಿಕೊಂಡಿತು. 27 ನಕ್ಷತ್ರ, 12 ರಾಶಿ ಎಂಬ ಎರಡು ಅಳತೆಗಳನ್ನು ಒಂದೇ ವರ್ತುಲದ ಮೇಲೆ ಹಾಸಿದಾಗ ಅವುಗಳ ಗೆರೆಗಳು ಮೂರೇ ಕಡೆ ಒಂದಾಗುತ್ತವೆ: ರೇವತಿ-ಅಶ್ವಿನಿಗಳ ನಡುವೆ, ಆಶ್ಲೇಷಾ-ಮಖೆಗಳ ನಡುವೆ, ಜ್ಯೇಷ್ಠಾ-ಮೂಲೆಗಳ ನಡುವೆ. ಒಂಬತ್ತು ನಕ್ಷತ್ರಗಳಿಗೆ ಸರಿಯಾಗಿ ನಾಲ್ಕು ರಾಶಿಗಳಾಗುವುದೇ ಇದಕ್ಕೆ ಕಾರಣ. ಈ ಮೂರು ಸಂಧಿಗಳಿಗೆ ಗಂಡಾಂತವೆಂದು ಹೆಸರಿಟ್ಟು ಅಶುಭವೆಂದರು. ಎರಡು ದೇಶಗಳ ಅಳತೆಗೋಲುಗಳನ್ನು ಜೋಡಿಸಿದಾಗ ಉಂಟಾದ ಹೊಲಿಗೆಯ ಗೆರೆಗೆ ಎಳೆಯ ಕೂಸುಗಳು ಅಂಜಬೇಕಾಯಿತು.

ಮಾವನ ಮಾತು ಸ್ಪಷ್ಟವಾಗಿ ಬರುವುದು ಮುಹೂರ್ತಗ್ರಂಥಗಳಲ್ಲಿ. ಕಾಶಿಯಲ್ಲಿ ರಾಮದೈವಜ್ಞನು 1600ರಲ್ಲಿ ರಚಿಸಿದ ಮುಹೂರ್ತಚಿಂತಾಮಣಿ ಇವುಗಳಲ್ಲಿ ಪ್ರಸಿದ್ಧವಾದುದು. ಅದನ್ನು ತೆರೆದು ನೋಡಿದವರಿಗೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಮೂಲಾ ಮತ್ತು ಆಶ್ಲೇಷೆಗಳ ದೋಷವನ್ನು ಆ ಗ್ರಂಥವು ಹೆಣ್ಣಿಗೆ ಮಾತ್ರ ಹೇಳುವುದಿಲ್ಲ. ಗಂಡಿಗೂ ಸಮಾನವಾಗಿ ಹೇಳುತ್ತದೆ. ಎರಡನೆಯದು, ಮೂಲೆಯ ಕೊನೆಯ ಪಾದಕ್ಕೂ ಆಶ್ಲೇಷೆಯ ಮೊದಲ ಪಾದಕ್ಕೂ ವಿಶಾಖೆಯ ಮೊದಲ ಮೂರು ಪಾದಗಳಿಗೂ ದೋಷವಿಲ್ಲವೆಂದು ಅಲ್ಲಿಯೇ ವಿನಾಯಿತಿಯಿದೆ. ಮೂಲಾ ನಕ್ಷತ್ರದ ಗಂಡನ್ನು ಅತ್ತೆಮಾವಂದಿರ ಕಾರಣದಿಂದ ಬೇಡವೆಂದ ಮನೆಯನ್ನು ನಾವು ಎಷ್ಟು ಕಂಡಿದ್ದೇವೆ? ಶಾಸ್ತ್ರದ ಹೆಸರು ಹೇಳುವ ಸಮಾಜವು ಶಾಸ್ತ್ರದಲ್ಲಿಯೂ ಇಲ್ಲದ ಅನ್ಯಾಯವನ್ನು ಹೆಣ್ಣಿನ ಮೇಲೆ ಹೊರಿಸಿದೆ.

ಲೆಕ್ಕವನ್ನೂ ಮಾಡೋಣ. ಚಂದ್ರನು ಪ್ರತಿ ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನವಿರುತ್ತಾನೆ. ಇಪ್ಪತ್ತೇಳರಲ್ಲಿ ನಾಲ್ಕು ನಕ್ಷತ್ರಗಳೆಂದರೆ ನೂರಕ್ಕೆ ಸುಮಾರು ಹದಿನೈದು. ಪ್ರತಿ ಏಳು ಮಕ್ಕಳಲ್ಲಿ ಒಂದು ಮಗುವಾದರೂ ಈ ನಾಲ್ಕರಲ್ಲೊಂದರಲ್ಲಿ ಹುಟ್ಟಿರುತ್ತದೆ. ಗ್ರಂಥದ ವಿನಾಯಿತಿಗಳನ್ನು ಕಳೆದರೂ 108 ಪಾದಗಳಲ್ಲಿ ಹನ್ನೊಂದು ಉಳಿಯುತ್ತವೆ, ಅಂದರೆ ಹತ್ತರಲ್ಲೊಂದು. ನಮ್ಮ ತಾಯಂದಿರಲ್ಲಿ, ಅಜ್ಜಿಯರಲ್ಲಿ ಎಷ್ಟೋ ಮಂದಿ ಈ ನಕ್ಷತ್ರದವರೇ ಆಗಿರಬೇಕು. ಹುಟ್ಟಿದ ಹೊತ್ತನ್ನು ಬರೆದಿಡದ ಕಾಲದಲ್ಲಿ ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿದು ಅವರ ಮದುವೆಗಳಾದವು. ಅವರು ಮಾವಂದಿರ ಮುಪ್ಪಿನಲ್ಲಿ ಅನ್ನವಿಕ್ಕಿ, ಕಾಲೊತ್ತಿ, ಮನೆ ನಡೆಸಿದವರು.

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಖಗೋಳವಿಜ್ಞಾನಿ ಜಯಂತ ನಾರಳೀಕರ ಅವರು ತಮ್ಮ ಸಂಗಡಿಗರೊಡನೆ 2008ರಲ್ಲಿ ಮಹಾರಾಷ್ಟ್ರದಲ್ಲಿ ನೂರು ಮಂದಿ ಪ್ರತಿಭಾವಂತ ಮಕ್ಕಳ ಮತ್ತು ಬುದ್ಧಿಮಾಂದ್ಯವುಳ್ಳ ನೂರು ಮಕ್ಕಳ ಜಾತಕಗಳನ್ನು ಕಲೆಹಾಕಿದರು. ಇಪ್ಪತ್ತೇಳು ಮಂದಿ ಜ್ಯೋತಿಷಿಗಳು ತಲಾ ನಲವತ್ತು ಜಾತಕಗಳನ್ನು ನೋಡಿ ಇದು ಯಾವ ಬಗೆಯ ಮಗುವಿನದೆಂದು ಹೇಳಿದರು. ಸರಿಯಾದ ಉತ್ತರಗಳ ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು. ಒಂದೇ ಪ್ರಯೋಗವು ಎಲ್ಲವನ್ನೂ ತೀರ್ಮಾನಿಸದು ಎನ್ನುವವರಿದ್ದಾರೆ, ಒಪ್ಪೋಣ. ಆದರೆ ಹೆಣ್ಣುಮಗಳೊಬ್ಬಳ ಬಾಳನ್ನು ತಡೆಯುವಷ್ಟು ಭಾರವಾದ ಮಾತಿಗೆ ಅಷ್ಟೇ ಭಾರವಾದ ಸಾಕ್ಷ್ಯ ಬೇಡವೇ?

ಕೊನೆಯ ಮಾತು

ಜ್ಯೋತಿಷವೆಂಬ ಒಂದೇ ಹೆಸರಿನಡಿ ಎರಡು ವಿದ್ಯೆಗಳಿವೆ. ಒಂದು, ಕಾಲವನ್ನು ಅಳೆಯುವ ಗಣಿತ. ಶಾಸನಗಳಿಗೆ ತೇದಿ ಕೊಟ್ಟದ್ದು, ಗ್ರಹಣವನ್ನು ಮುಂದಾಗಿ ಹೇಳಿದ್ದು, ರೈತನಿಗೆ ಮಳೆಯ ಹೆಸರನ್ನು ಕಲಿಸಿದ್ದು ಅದೇ. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಶ್ರಮದಿಂದ 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವೂ ಅದರ ಫಲ. ಈ ವಿದ್ಯೆಯನ್ನು ನಮ್ಮ ಮಕ್ಕಳು ಹೆಮ್ಮೆಯಿಂದ ಕಲಿಯಲಿ. ಇನ್ನೊಂದು, ಆ ಗಣಿತದ ಮೇಲೆ ಕಟ್ಟಿದ ಫಲಭಾಗ. ಅದು ಬಂದ ದಾರಿಯನ್ನೂ ಅದರಲ್ಲಿ ಕಾಲಕಾಲಕ್ಕೆ ಸೇರಿಕೊಂಡ ಭಯಗಳನ್ನೂ ತಿಳಿದ ಮೇಲೆ ಅದಕ್ಕೆ ನಮ್ಮ ಮನೆಯ ಮಗಳ ಬಾಳನ್ನು ಒಪ್ಪಿಸುವುದು ಸಲ್ಲದು.

ಮೇ ತಿಂಗಳ ರಾತ್ರಿ ಚೇಳೂರಿನಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ ಮಕ್ಕಳನ್ನು ಬಯಲಿಗೆ ಕರೆದೊಯ್ದು ಆಗ್ನೇಯದ ಆ ಚೇಳನ್ನು ತೋರಿಸಿರಿ. ಜ್ಯೇಷ್ಠೆಯ ಬೆಳಕು ನಮ್ಮನ್ನು ಮುಟ್ಟಲು ಐನೂರಕ್ಕೂ ಹೆಚ್ಚು ವರ್ಷ ಬೇಕು. ಇಂದು ಕಾಣುವ ಬೆಳಕು ಅಲ್ಲಿಂದ ಹೊರಟಾಗ ನಾವಾರೂ ಹುಟ್ಟಿರಲಿಲ್ಲ. ಮನೆಯಲ್ಲಿ ಮೂಲಾ ನಕ್ಷತ್ರದ ಮಗಳಿದ್ದರೆ ಅವಳ ಕೈಯನ್ನೇ ಹಿಡಿದು ಬಾಲದ ತುದಿಯ ಆ ಜೋಡಿ ನಕ್ಷತ್ರಗಳನ್ನು ತೋರಿಸಿ, ನೀನು ಹುಟ್ಟಿದ ದಿನ ಚಂದ್ರನು ಇದರ ಬಳಿಯಲ್ಲಿದ್ದನೆಂದು ಹೇಳಿರಿ. ಅಷ್ಟು ಮಾತ್ರ ನಿಜ.